ಸ್ಥಿತಿ ಬದಲಾವಣೆಯನ್ನು ಸರಿಯಾಗಿ ಅಳೆಯುವುದು ಹೇಗೆ: ಕೊಬ್ಬರಿ ಎಣ್ಣೆಯಿಂದ ಮೀನಿನ ಹಿಂಡಿನವರೆಗೆ

ವಿಜ್ಞಾನ ಮೇಳ, ಬಿಎಸ್ಸಿ ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಕಾರವಾರ, ಕುಮಟಾ, ಶಿರಸಿ ಕಡೆಯ ವಿದ್ಯಾರ್ಥಿಗಳಿಂದ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ಎಣ್ಣೆ ಗಟ್ಟಿಯಾಯಿತು, ಆದರೆ ಗ್ರಾಫಿನಲ್ಲಿ ಸಪಾಟು ಗೆರೆ ಬರಲಿಲ್ಲ." "ಹಿಂಡಿನ ಸಿಮ್ಯುಲೇಷನ್ ಓಡಿತು, ಆದರೆ ಬದಲಾವಣೆ ಎಲ್ಲಿ ಆಯಿತು ಅಂತ ಗೊತ್ತಾಗುತ್ತಿಲ್ಲ." ಎರಡೂ ಕಡೆ ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಒಂದೇ ಸಲ, ಒಂದೇ ದಿಕ್ಕಿನಲ್ಲಿ, ಒಂದೇ ಗಾತ್ರದಲ್ಲಿ ಅಳೆದು ಬಿಡುತ್ತಾರೆ. ಸ್ಥಿತಿ ಬದಲಾವಣೆ, ಅಂದರೆ ದ್ರವ ಗಟ್ಟಿಯಾಗುವುದು ಅಥವಾ ದಿಕ್ಕಾಪಾಲಾದ ಹಿಂಡು ಒಂದೇ ದಿಕ್ಕು ಹಿಡಿಯುವುದು, ಹಾಗೆ ಕೈಗೆ ಸಿಗುವುದಿಲ್ಲ. ಏರಿಸುತ್ತಾ ಅಳೆಯಬೇಕು, ಇಳಿಸುತ್ತಾ ಅಳೆಯಬೇಕು, ಗಾತ್ರ ಬದಲಿಸಿ ಮತ್ತೆ ಅಳೆಯಬೇಕು.

ಇಲ್ಲಿ ಎರಡು ಭಾಗಗಳಿವೆ. ಮೊದಲನೆಯದು ನಿಷ್ಕ್ರಿಯ ದ್ರವ್ಯ. ಎಣ್ಣೆ, ನೀರು, ಮೇಣ ಇವೆಲ್ಲ ಈ ಗುಂಪಿನವು. ಇವುಗಳ ಅಣುಗಳಿಗೆ ಶಕ್ತಿ ಸಿಗುವುದು, ಹೋಗುವುದು ಹೊರಗಿನಿಂದಲೇ. ಎರಡನೆಯದು ಸಕ್ರಿಯ ದ್ರವ್ಯ. ಮೀನು, ಹಕ್ಕಿ, ಬ್ಯಾಕ್ಟೀರಿಯಾ ಥರ ಒಂದೊಂದು ಕಣವೂ ತಾನೇ ಶಕ್ತಿ ಖರ್ಚು ಮಾಡಿ ಚಲಿಸುತ್ತದೆ. ಎಣ್ಣೆಯ ಭಾಗ ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಹೋಗಬೇಡಿ. ಎಣ್ಣೆಯಲ್ಲಿ ಕಣ್ಣಾರೆ ಕಂಡದ್ದು ಹಿಂಡಿನ ಗ್ರಾಫ್ ಓದುವಾಗ ಬೇಕಾಗುತ್ತದೆ.

## ಬೇಕಾಗುವ ಸಾಮಾನು

0.1 ಡಿಗ್ರಿವರೆಗೆ ತೋರಿಸುವ ಡಿಜಿಟಲ್ ಥರ್ಮಾಮೀಟರ್, ಎರಡು ಟೆಸ್ಟ್ ಟ್ಯೂಬ್, ಟ್ಯೂಬ್ ನಿಲ್ಲಿಸಲು ದೊಡ್ಡ ಪಾತ್ರೆ, ಕಲಕಲು ತೆಳು ತಂತಿ, ಗಡಿಯಾರ. ಗಾಣದಿಂದ ತಂದ ಶುದ್ಧ ಕೊಬ್ಬರಿ ಎಣ್ಣೆ ಇರಲಿ. ತಲೆಗೆ ಹಚ್ಚುವ ಸುವಾಸನೆಯ ಎಣ್ಣೆ ಬೇಡ, ಅದರಲ್ಲಿ ಬೇರೆ ಎಣ್ಣೆಯೂ ಸೇರಿರಬಹುದು. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಸ್ವಲ್ಪ ಲಾರಿಕ್ ಆಮ್ಲ ಕೇಳಿ ತನ್ನಿ. ಎರಡನೇ ಭಾಗಕ್ಕೆ ಪೈಥಾನ್, ನಮ್‌ಪೈ, ಸೈಪೈ ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು.

## ಭಾಗ ಒಂದು: ನಿಷ್ಕ್ರಿಯ ದ್ರವ್ಯ

### ಹಂತ 1: ಥರ್ಮಾಮೀಟರನ್ನು ಮೊದಲು ಪರೀಕ್ಷಿಸಿ

ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಹಾಕಿ, ಕಲಕಿ, ಥರ್ಮಾಮೀಟರ್ ಇಡಿ. 0 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಈ ಮಂಜುಗಡ್ಡೆ ಕುಡಿಯುವ ನೀರಿನಿಂದ ಮಾಡಿದ್ದೇ ಆಗಿರಲಿ. ಬಂದರಿನಲ್ಲಿ ಮೀನಿಗೆ ಹಾಕುವ ಐಸ್ ಹತ್ತಿರದಲ್ಲೇ ಸಿಗುತ್ತದೆ ನಿಜ, ಆದರೆ ಅದಕ್ಕೆ ಉಪ್ಪುನೀರು ತಾಗಿರುತ್ತದೆ. ಉಪ್ಪು ಸೇರಿದ ಮಂಜು 0 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಉಪ್ಪು ಜಾಸ್ತಿಯಾದರೆ ಮೈನಸ್ 21ರವರೆಗೂ ಹೋಗಬಲ್ಲದು. ಹೊರಗಿನ ಪಾತ್ರೆಯ ನೀರು ತಣ್ಣಗಾಗಿಸಲು ಆ ಐಸ್ ಬಳಸಿ, ಪರೀಕ್ಷೆಗೆ ಬೇಡ.

ಕುದಿಯುವ ನೀರಿನಲ್ಲೂ ಪರೀಕ್ಷಿಸುವುದಾದರೆ ಊರು ನೋಡಿ ಲೆಕ್ಕ ಹಾಕಿ. ಕಾರವಾರದಲ್ಲಿ 100 ಡಿಗ್ರಿ ಸರಿ. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಘಟ್ಟದ ಮೇಲೆ 98 ತೋರಿಸಿತು ಅಂತ ಒಳ್ಳೆಯ ಥರ್ಮಾಮೀಟರನ್ನು ತಿದ್ದಿದರೆ ಮುಂದಿನ ಎಲ್ಲ ಅಳತೆಯೂ 2 ಡಿಗ್ರಿ ತಪ್ಪಾಗುತ್ತದೆ.

### ಹಂತ 2: ಶುದ್ಧ ವಸ್ತುವಿನಿಂದ ಶುರು ಮಾಡಿ

ಹೆಚ್ಚಿನವರು ಮೊದಲೇ ಕೊಬ್ಬರಿ ಎಣ್ಣೆ ಹಿಡಿಯುತ್ತಾರೆ, ಸಪಾಟು ಗೆರೆ ಬರದೆ ಸೋಲುತ್ತಾರೆ. ಎಣ್ಣೆ ಹಲವು ಕೊಬ್ಬುಗಳ ಮಿಶ್ರಣ. ಒಂದೊಂದು ಕೊಬ್ಬು ಒಂದೊಂದು ಉಷ್ಣಾಂಶದಲ್ಲಿ ಗಟ್ಟಿಯಾಗುತ್ತದೆ. ಅದಕ್ಕೇ ಗೆರೆ ಓರೆಯಾಗಿ ಇಳಿಯುತ್ತದೆ. ನೀವು ಕೆಡಿಸಿದ್ದೇನೂ ಇಲ್ಲ, ಎಣ್ಣೆಯ ಸ್ವಭಾವವೇ ಹಾಗೆ.

ಲಾರಿಕ್ ಆಮ್ಲ ಒಂದೇ ವಸ್ತು. ಕರಗುವ ಬಿಂದು ಸುಮಾರು 44 ಡಿಗ್ರಿ. ಕೊಬ್ಬರಿ ಎಣ್ಣೆಯ ಕೊಬ್ಬಿನ ಆಮ್ಲಗಳಲ್ಲಿ ಹೆಚ್ಚುಕಮ್ಮಿ ಅರ್ಧ ಪಾಲು ಇದರದ್ದೇ. ಹಾಗಾಗಿ ಹೋಲಿಕೆಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಟ್ಯೂಬಿನ ಮೂರನೇ ಒಂದು ಭಾಗದಷ್ಟು ತುಂಬಿ, ಬಿಸಿನೀರಿನಲ್ಲಿಟ್ಟು 60 ಡಿಗ್ರಿವರೆಗೆ ಕಾಯಿಸಿ. ಕಣ್ಣಿಗೆ ಕನ್ನಡಕ ಇರಲಿ, ಆಮ್ಲ ಕಣ್ಣಿಗೆ ತಾಗಿದರೆ ಉರಿಯುತ್ತದೆ. ಆಮೇಲೆ ಟ್ಯೂಬನ್ನು ಸುಮಾರು 30 ಡಿಗ್ರಿ ನೀರಿನಲ್ಲಿ ನಿಲ್ಲಿಸಿ. ಕರಾವಳಿಯಲ್ಲಿ ತೊಟ್ಟಿಯ ನೀರೇ ಹೆಚ್ಚಾಗಿ ಆ ಹದದಲ್ಲಿರುತ್ತದೆ. ಪ್ರತಿ 30 ಸೆಕೆಂಡಿಗೆ ಒಂದು ಅಂಕಿ ಬರೆಯಿರಿ.

60ರಿಂದ ಉಷ್ಣಾಂಶ ಬೇಗ ಇಳಿಯುತ್ತದೆ. 44ರ ಹತ್ತಿರ ನಿಲ್ಲುತ್ತದೆ. ಹೊರಗೆ ಶಾಖ ಹೋಗುತ್ತಲೇ ಇರುತ್ತದೆ, ಆದರೂ ಥರ್ಮಾಮೀಟರ್ ಕದಲುವುದಿಲ್ಲ. ಗಟ್ಟಿಯಾಗುವಾಗ ಬಿಡುಗಡೆಯಾಗುವ ಗುಪ್ತೋಷ್ಣ ಆ ನಷ್ಟವನ್ನು ತುಂಬುತ್ತಿರುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಮತ್ತೆ ಇಳಿಕೆ ಶುರು.

ಎಚ್ಚರಿಕೆ: ಗಟ್ಟಿಯಾದ ಆಮ್ಲದಲ್ಲಿ ಸಿಕ್ಕಿಕೊಂಡ ಥರ್ಮಾಮೀಟರನ್ನು ಎಳೆಯಬೇಡಿ. ಗಾಜು ಮುರಿಯುತ್ತದೆ. ಮತ್ತೆ ಬಿಸಿನೀರಿನಲ್ಲಿಟ್ಟು ಕರಗಿಸಿ ತೆಗೆಯಿರಿ.

### ಹಂತ 3: ಸಪಾಟು ಗೆರೆ ಬರದಿದ್ದರೆ

ಹೊರಗಿನ ನೀರು ತೀರಾ ತಣ್ಣಗಿದೆಯೇ ನೋಡಿ. ಐಸ್ ನೀರಿನಲ್ಲಿ ಇಟ್ಟರೆ ಟ್ಯೂಬಿನ ಅಂಚು ತಕ್ಷಣ ಗಟ್ಟಿಯಾಗುತ್ತದೆ, ನಡುಭಾಗ ಬಿಸಿಯೇ ಇರುತ್ತದೆ. ಥರ್ಮಾಮೀಟರ್ ಎರಡರ ನಡುವಿನ ಏನನ್ನೋ ತೋರಿಸುತ್ತದೆ. ಕರಗುವ ಬಿಂದುವಿಗಿಂತ 10ರಿಂದ 15 ಡಿಗ್ರಿ ಕಡಿಮೆ ಇರುವ ನೀರು ಸಾಕು. ಥರ್ಮಾಮೀಟರಿನ ತುದಿ ಗಾಜಿಗೆ ತಾಗಿದ್ದರೂ ಇದೇ ಗೋಳು.

ಇನ್ನೊಂದು ಸಂಗತಿಯನ್ನು ನೋಡಿ ಸುಮಾರು ಜನ ಪ್ರಯೋಗ ಕೆಟ್ಟಿತು ಅಂತ ಕೈಬಿಡುತ್ತಾರೆ. ಉಷ್ಣಾಂಶ ಕರಗುವ ಬಿಂದು ದಾಟಿ ಕೆಳಗೆ ಹೋಗುತ್ತದೆ, ದ್ರವ ದ್ರವವಾಗಿಯೇ ಇರುತ್ತದೆ. ಒಮ್ಮೆಲೇ ಬಿಳಿ ಹರಳು ಕಾಣುತ್ತದೆ, ಉಷ್ಣಾಂಶ ಮೇಲೇರುತ್ತದೆ. ಇದು ಸೂಪರ್‌ಕೂಲಿಂಗ್. ಹರಳು ಬೆಳೆಯಲು ಮೊದಲು ಒಂದು ಸಣ್ಣ ಬೀಜ ಹುಟ್ಟಬೇಕು. ಪುಟ್ಟ ಬೀಜಕ್ಕೆ ತನ್ನ ಮೇಲ್ಮೈ ಕಟ್ಟಿಕೊಳ್ಳುವ ಶಕ್ತಿಯ ಖರ್ಚೇ ದೊಡ್ಡದು, ಹಾಗಾಗಿ ಅದು ಹುಟ್ಟಲು ತಡವಾಗುತ್ತದೆ. ಈ ತಗ್ಗನ್ನು ಗ್ರಾಫಿನಿಂದ ಅಳಿಸಬೇಡಿ. ಇದು ಜಿಗಿತದ, ಅಂದರೆ ಒಮ್ಮೆಲೇ ಆಗುವ, ಸ್ಥಿತಿ ಬದಲಾವಣೆಯ ಒಳ್ಳೆಯ ಗುರುತು. ತಗ್ಗು ಬೇಡ ಅನಿಸಿದರೆ ನಿಧಾನಕ್ಕೆ ಕಲಕುತ್ತಾ ಇರಿ, ಇಲ್ಲವೇ ಗಟ್ಟಿ ಆಮ್ಲದ ಒಂದು ಚೂರು ಹಾಕಿ.

### ಹಂತ 4: ಈಗ ಕೊಬ್ಬರಿ ಎಣ್ಣೆ, ಎರಡೂ ದಿಕ್ಕಿನಲ್ಲಿ

ಕಾರವಾರದ ಮನೆಗಳಲ್ಲಿ ಈ ಎಣ್ಣೆ ಹೆಚ್ಚಾಗಿ ತಿಳಿಯಾಗಿಯೇ ಇರುತ್ತದೆ. ಚಳಿಗಾಲದ ಬೆಳಿಗ್ಗೆ ಶಿರಸಿಯಲ್ಲಿ ಬಾಟಲಿ ಬೋರಲು ಹಾಕಿದರೂ ಬೀಳುವುದಿಲ್ಲ. ಕರಗುವುದು ಸುಮಾರು 24 ಡಿಗ್ರಿಯ ಆಸುಪಾಸಿನಲ್ಲಿ, ಇಡೀ ವ್ಯತ್ಯಾಸ ಅಷ್ಟರಲ್ಲೇ ಇದೆ.

20 ಮಿಲಿ ಎಣ್ಣೆಯನ್ನು 40 ಡಿಗ್ರಿಗೆ ಬಿಸಿ ಮಾಡಿ. ಹಳೆಯ ಹರಳಿನ ಚೂರು ಉಳಿಯದಂತೆ ಕೆಲವು ನಿಮಿಷ ಅಲ್ಲೇ ಇಡಿ. ಆಮೇಲೆ 15 ಡಿಗ್ರಿ ನೀರಿನಲ್ಲಿ ತಣ್ಣಗಾಗಿಸುತ್ತಾ ಅಂಕಿ ಬರೆಯಿರಿ. ಪೂರ್ತಿ ಗಟ್ಟಿಯಾದ ಮೇಲೆ ಅದೇ ಟ್ಯೂಬನ್ನು 32 ಡಿಗ್ರಿ ನೀರಿಗೆ ಬದಲಿಸಿ, ಕರಗುವವರೆಗೆ ಮತ್ತೆ ಬರೆಯಿರಿ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ.

ಗಟ್ಟಿಯಾಗಲು ಶುರುವಾದ ಉಷ್ಣಾಂಶ ಕರಗಿದ ಉಷ್ಣಾಂಶಕ್ಕಿಂತ ಕೆಳಗಿರುತ್ತದೆ. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಇದಕ್ಕೆ ಹಿಸ್ಟೆರಿಸಿಸ್ ಎನ್ನುತ್ತಾರೆ, ಎರಡು ದಾರಿಗಳ ನಡುವೆ ಉಳಿಯುವ ಜಾಗವೇ ಕುಣಿಕೆ. ಇದೇ ಕುಣಿಕೆಯನ್ನು ಹಂತ 9ರಲ್ಲಿ ಹುಡುಕಲಿದ್ದೇವೆ, ಗ್ರಾಫ್ ಜೋಪಾನವಾಗಿ ಇಟ್ಟುಕೊಳ್ಳಿ.

ಎಲ್ಲ ಬದಲಾವಣೆಯೂ ಜಿಗಿತವೇ ಆಗಬೇಕೆಂದಿಲ್ಲ. ಕಬ್ಬಿಣವನ್ನು 770 ಡಿಗ್ರಿವರೆಗೆ ಕಾಯಿಸಿದರೆ ಅದರ ಅಯಸ್ಕಾಂತ ಗುಣ ಕ್ರಮೇಣ ಸೊನ್ನೆಗೆ ಇಳಿಯುತ್ತದೆ. ಗುಪ್ತೋಷ್ಣವೂ ಇಲ್ಲ, ಕುಣಿಕೆಯೂ ಇಲ್ಲ. ಮುಂದಿನ ಭಾಗದಲ್ಲಿ ಉತ್ತರಿಸಬೇಕಾದ ಪ್ರಶ್ನೆ ಇದೇ: ಹಿಂಡಿನಲ್ಲಿ ಆಗುವುದು ಎಣ್ಣೆಯ ಥರದ ಜಿಗಿತವೋ, ಕಬ್ಬಿಣದ ಥರದ ನಿಧಾನದ ಇಳಿಕೆಯೋ?

## ಭಾಗ ಎರಡು: ಸಕ್ರಿಯ ದ್ರವ್ಯ

### ಹಂತ 5: ನಿಯಮವನ್ನು ಕಾಗದದ ಮೇಲೆ ಬರೆಯಿರಿ

1995ರಲ್ಲಿ ತಮಾಸ್ ವಿಚೆಕ್ ಮತ್ತು ಸಂಗಡಿಗರು ಕೊಟ್ಟ ಮಾದರಿ ಬಹಳ ಸರಳ. ಒಂದು ಚೌಕದೊಳಗೆ ಕಣಗಳಿವೆ. ಎಲ್ಲದರ ವೇಗ ಒಂದೇ, ದಿಕ್ಕು ಮಾತ್ರ ಬೇರೆ ಬೇರೆ. ಪ್ರತಿ ಹೆಜ್ಜೆಯಲ್ಲೂ ಒಂದು ಕಣ ತನ್ನಿಂದ 1 ಅಳತೆಯ ದೂರದೊಳಗಿನ ನೆರೆಯವರ, ಜೊತೆಗೆ ತನ್ನ, ಸರಾಸರಿ ದಿಕ್ಕನ್ನು ಹಿಡಿಯುತ್ತದೆ. ಅದಕ್ಕೆ ಒಂದಿಷ್ಟು ಗೊಂದಲ, ಅಂದರೆ ಮನಬಂದಂತೆ ಒಂದು ತಿರುವು, ಸೇರುತ್ತದೆ. ಗೊಂದಲದ ಅಗಲ 0ಯಿಂದ 2 ಪೈ ರೇಡಿಯನ್‌ವರೆಗೆ. ಅಗಲದ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಆಮೇಲೆ ಆ ದಿಕ್ಕಿನಲ್ಲಿ ಒಂದು ಹೆಜ್ಜೆ. ಚೌಕದ ಬಲ ಅಂಚಿನಿಂದ ಹೊರಗೆ ಹೋದದ್ದು ಎಡ ಅಂಚಿನಿಂದ ಒಳಗೆ ಬರುತ್ತದೆ.

ಅಳೆಯಬೇಕಾದದ್ದು ಒಗ್ಗಟ್ಟು. ಎಲ್ಲ ಕಣಗಳ ದಿಕ್ಕಿನ ಬಾಣಗಳನ್ನು ವೆಕ್ಟರ್‌ಗಳಾಗಿ ಕೂಡಿಸಿ, ಉದ್ದ ನೋಡಿ, ಕಣಗಳ ಸಂಖ್ಯೆಯಿಂದ ಭಾಗಿಸಿ. ಎಲ್ಲರೂ ಒಂದೇ ಕಡೆ ಹೊರಟರೆ 1. ದಿಕ್ಕಾಪಾಲಾದರೆ ಸೊನ್ನೆಯ ಹತ್ತಿರ. ಪುಸ್ತಕಗಳಲ್ಲಿ ಆರ್ಡರ್ ಪ್ಯಾರಾಮೀಟರ್ ಅನ್ನುವುದು ಇದಕ್ಕೇ.

ಗೊಂದಲವನ್ನು "ಉಷ್ಣಾಂಶ" ಅಂತ ವರದಿಯಲ್ಲಿ ಬರೆಯಬೇಡಿ. ಉಷ್ಣಾಂಶ ಅನ್ನುವುದು ಸಮತೋಲನದಲ್ಲಿರುವ ವಸ್ತುವಿಗೆ ಸೇರಿದ್ದು. ಈ ಹಿಂಡು ಸಮತೋಲನದಲ್ಲಿ ಇಲ್ಲ, ಪ್ರತಿ ಕಣವೂ ತನ್ನ ಇಂಧನ ಸುಡುತ್ತಾ ಓಡುತ್ತಿದೆ.

### ಹಂತ 6: ಪ್ರೋಗ್ರಾಮ್ ಬರೆಯುವಾಗ ತಪ್ಪುವ ಜಾಗಗಳು

ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡುವುದು ಇಲ್ಲೇ, ಅದಕ್ಕೇ ನಿಧಾನವಾಗಿ ಓದಿ.

ಕೋನಗಳ ಸರಾಸರಿ ಮೊದಲ ಗುಂಡಿ. ಒಂದು ಕಣ 350 ಡಿಗ್ರಿ ಕಡೆಗೆ, ಇನ್ನೊಂದು 10 ಡಿಗ್ರಿ ಕಡೆಗೆ ಹೊರಟಿದೆ ಅಂದುಕೊಳ್ಳಿ. ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಡೆ ಹೋಗುತ್ತಿದ್ದಾರೆ. ಸುಮ್ನೆ ಕೂಡಿಸಿ ಎರಡರಿಂದ ಭಾಗಿಸಿದರೆ 180 ಬರುತ್ತದೆ, ಅಂದರೆ ಪೂರ್ತಿ ಉಲ್ಟಾ ದಿಕ್ಕು. ಕೋನಗಳನ್ನು ನೇರವಾಗಿ ಕೂಡಿಸಬೇಡಿ. ಸೈನ್‌ಗಳನ್ನು ಬೇರೆ, ಕೊಸೈನ್‌ಗಳನ್ನು ಬೇರೆ ಕೂಡಿಸಿ, ಆಮೇಲೆ ಆರ್ಕ್‌ಟ್ಯಾನ್2 ಬಳಸಿ ದಿಕ್ಕು ತೆಗೆಯಿರಿ.

ಎರಡನೆಯದು ದೂರ. ಎಡ ಅಂಚಿನ ಕಣಕ್ಕೂ ಬಲ ಅಂಚಿನ ಕಣಕ್ಕೂ ನಡುವಿನ ಅಂತರ ಚೌಕದ ಅಗಲದಷ್ಟಲ್ಲ, ಅವು ಅಕ್ಕಪಕ್ಕದ ಮನೆಯವು. ಅಡ್ಡದ ಅಂತರ, ಉದ್ದದ ಅಂತರ ಬೇರೆ ಬೇರೆ ನೋಡಿ, ಯಾವುದು ಬದಿಯ ಅರ್ಧಕ್ಕಿಂತ ಜಾಸ್ತಿಯಾದರೂ ಅದರಿಂದ ಒಂದು ಬದಿಯಷ್ಟನ್ನು ಕಳೆಯಿರಿ. ಸೈಪೈಯ ಸಿಕೆಡಿಟ್ರೀ (cKDTree) ಎಂಬ ಹುಡುಕುವ ಸಲಕರಣೆ ಬಳಸುವವರು ಬಾಕ್ಸ್‌ಸೈಜ್ ಆಯ್ಕೆ ಕೊಟ್ಟರೆ ಇದು ತಾನಾಗಿ ಆಗುತ್ತದೆ, ನೆರೆಯವರನ್ನು ಹುಡುಕುವುದೂ ಬೇಗ ಮುಗಿಯುತ್ತದೆ.

ಮೂರನೆಯದು, ಹೊಸ ದಿಕ್ಕುಗಳನ್ನು ಬೇರೆ ಪಟ್ಟಿಯಲ್ಲಿ ಬರೆದಿಡಿ. ಒಂದು ಕಣದ ದಿಕ್ಕು ಬದಲಿಸಿ, ಅದೇ ಹೊಸ ದಿಕ್ಕನ್ನು ಮುಂದಿನ ಕಣದ ಲೆಕ್ಕಕ್ಕೆ ಹಿಡಿದರೆ ಮಾದರಿಯೇ ಬೇರೆಯಾಗುತ್ತದೆ.

ಗೊಂದಲವನ್ನು ಡಿಗ್ರಿಯಲ್ಲಿ ಕೊಟ್ಟು ಸೈನ್ ಅನ್ನು ರೇಡಿಯನ್‌ನಲ್ಲಿ ತೆಗೆಯುವುದು ಕೂಡ ಮಾಮೂಲು ತಪ್ಪು. ಒಮ್ಮೆ ನೋಡಿಕೊಳ್ಳಿ.

### ಹಂತ 7: ಎರಡು ತುದಿಗಳ ಪರೀಕ್ಷೆ

400 ಕಣ, ಚೌಕದ ಬದಿ 10, ವೇಗ ಹೆಜ್ಜೆಗೆ 0.03 ಇಟ್ಟುಕೊಳ್ಳಿ. ಗೊಂದಲ ಸೊನ್ನೆ ಮಾಡಿ ಓಡಿಸಿ. ಸ್ವಲ್ಪ ಹೊತ್ತಿಗೆ ಒಗ್ಗಟ್ಟು 1ಕ್ಕೆ ಹೋಗಬೇಕು. ಆಮೇಲೆ ಗೊಂದಲ 2 ಪೈ, ಅಂದರೆ ಸುಮಾರು 6.28 ಮಾಡಿ ಓಡಿಸಿ. ಒಗ್ಗಟ್ಟು ಸೊನ್ನೆ ಆಗುವುದಿಲ್ಲ. ಸುಮಾರು 0.9ನ್ನು ಕಣಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು ಉಳಿಯುತ್ತದೆ. 400 ಕಣಕ್ಕೆ ಅದು 0.04ರ ಮೇಲೆ ಸ್ವಲ್ಪ. ಇದನ್ನು "ಉಳಿದ ಶಿಸ್ತು" ಅಂತ ಓದಬೇಡಿ, ಬಾಣಗಳನ್ನು ಕಣ್ಣುಮುಚ್ಚಿ ಎಸೆದರೂ ಇಷ್ಟು ಸಿಗುತ್ತದೆ. 0.3 ಬಂದರೆ ಮಾತ್ರ ಹಂತ 6ಕ್ಕೆ ಹಿಂದಿರುಗಿ.

ಈ ಎರಡು ತುದಿ ಸರಿಯಾಗದೆ ಮುಂದೆ ಹೋಗಲೇಬೇಡಿ.

### ಹಂತ 8: ಕಾಯುವುದು, ಗಾತ್ರ ಬದಲಿಸುವುದು

ಗೊಂದಲವನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ ಒಗ್ಗಟ್ಟನ್ನು ಅಳೆಯಿರಿ. ಮೇಲಿನ ಅಂಕಿಗಳಿಗೆ ಕಡಿದಾದ ಇಳಿಕೆ 3 ಮತ್ತು 5ರ ನಡುವೆ ಎಲ್ಲೋ ಕಾಣಬೇಕು. ಆ ಜಾಗದಲ್ಲಿ ಅಳತೆಗಳು ಒತ್ತೊತ್ತಾಗಿ ಇರಲಿ.

ಪ್ರತಿ ಓಟದ ಮೊದಲ ಅರ್ಧ ಭಾಗದ ಅಂಕಿ ಬಿಟ್ಟುಬಿಡಿ, ಹಿಂಡು ಇನ್ನೂ ನೆಲೆಗೆ ಬಂದಿರುವುದಿಲ್ಲ. ಉಳಿದ ಅರ್ಧವನ್ನು ಎರಡು ತುಂಡು ಮಾಡಿ ಸರಾಸರಿ ತೆಗೆಯಿರಿ. ಎರಡೂ ಹೊಂದದಿದ್ದರೆ ಇನ್ನೂ ಹೊತ್ತು ಓಡಿಸಿ. ಬದಲಾವಣೆಯ ಹತ್ತಿರ ಬಂದಂತೆ ಹಿಂಡು ನೆಲೆಗೆ ಬರಲು ತೆಗೆದುಕೊಳ್ಳುವ ಸಮಯವೂ ಜಾಸ್ತಿಯಾಗುತ್ತದೆ. ಎಲ್ಲ ಗೊಂದಲಕ್ಕೂ ಒಂದೇ ಹೊತ್ತು ಓಡಿಸಿದ ಗ್ರಾಫ್ ಬೇಕಾದ ಕಡೆಯಲ್ಲೇ ತಪ್ಪಿರುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲಿನವರಿಗೆ ಒಂದು ಮಾತು: ಪ್ರತಿ 1000 ಹೆಜ್ಜೆಗೊಮ್ಮೆ ಜಾಗ, ದಿಕ್ಕು, ರ‍್ಯಾಂಡಮ್ ಸಂಖ್ಯೆಯ ಸ್ಥಿತಿ ಮೂರನ್ನೂ ಫೈಲಿಗೆ ಉಳಿಸಿ. ಕರೆಂಟು ಹೋದರೆ ಮೊದಲಿಂದ ಶುರು ಮಾಡುವ ಕಷ್ಟ ತಪ್ಪುತ್ತದೆ.

ಈಗ ಗಾತ್ರ. 1600 ಕಣಕ್ಕೆ ಬದಿ 20, 6400 ಕಣಕ್ಕೆ ಬದಿ 40. ಸಾಂದ್ರತೆ 4 ಹಾಗೇ ಉಳಿಯಬೇಕು. ಚೌಕ ಬದಲಿಸದೆ ಕಣ ಮಾತ್ರ ಹೆಚ್ಚಿಸಿದರೆ ನೆರೆಯವರ ಸಂಖ್ಯೆ ಹೆಚ್ಚಿ, ಬದಲಾವಣೆಯ ಜಾಗವೇ ಸರಿಯುತ್ತದೆ. ಗಾತ್ರ ದೊಡ್ಡದಾದಂತೆ ಇಳಿಕೆ ಕಡಿದಾಗುತ್ತಾ ಹೋದರೆ ಅದು ನಿಜವಾದ ಸ್ಥಿತಿ ಬದಲಾವಣೆಯ ಲಕ್ಷಣ. ಒಂದೇ ಗಾತ್ರದ ಗ್ರಾಫಿನಿಂದ ಇದನ್ನು ಹೇಳಲು ಬರುವುದಿಲ್ಲ.

ಇಲ್ಲಿ ನನಗೆ ಅತ್ಯಂತ ಇಷ್ಟವಾದ ಪರೀಕ್ಷೆ ಒಂದಿದೆ. ಪ್ರೋಗ್ರಾಮಿನಲ್ಲಿ ವೇಗವನ್ನು ಸೊನ್ನೆ ಮಾಡಿ. ಕಣಗಳು ನಿಂತಲ್ಲೇ ದಿಕ್ಕು ಮಾತ್ರ ಬದಲಿಸುತ್ತವೆ, ಹಿಂಡು ಒಂದು ಹಾಳೆಯ ಮೇಲಿನ ಪುಟ್ಟ ಅಯಸ್ಕಾಂತಗಳ ಥರ ಆಗುತ್ತದೆ. ಸಮತೋಲನದಲ್ಲಿರುವ ಅಂಥ ಹಾಳೆಯಲ್ಲಿ, ಸ್ವಲ್ಪ ಗೊಂದಲವಿದ್ದರೂ, ಎಷ್ಟು ದೊಡ್ಡ ಗಾತ್ರಕ್ಕೂ ನಿಲ್ಲುವ ಒಗ್ಗಟ್ಟು ಸಾಧ್ಯವಿಲ್ಲ ಎಂದು ಮರ್ಮಿನ್ ಮತ್ತು ವ್ಯಾಗ್ನರ್ 1966ರಲ್ಲಿ ತೋರಿಸಿದ್ದಾರೆ. ಓಡುವ ಕಣಗಳಿಗೆ ಆ ಕಟ್ಟು ಅನ್ವಯಿಸುವುದಿಲ್ಲ. ಅವು ನೆರೆಯವರನ್ನು ಬದಲಿಸುತ್ತಾ ದಿಕ್ಕಿನ ಸುದ್ದಿಯನ್ನು ದೂರಕ್ಕೆ ಹೊತ್ತೊಯ್ಯುತ್ತವೆ. ಮಧ್ಯಮ ಗೊಂದಲದಲ್ಲಿ ಮೂರೂ ಗಾತ್ರಕ್ಕೆ ಎರಡನ್ನೂ ಓಡಿಸಿ, ಪಕ್ಕಪಕ್ಕ ಹಾಕಿ. ನಿಂತವುಗಳ ಒಗ್ಗಟ್ಟು ಗಾತ್ರದ ಜೊತೆ ಇಳಿಯುತ್ತದೆ, ಓಡುವವುಗಳದ್ದು ಹಿಡಿದು ನಿಲ್ಲುತ್ತದೆ. ತೀರಾ ಕಡಿಮೆ ಗೊಂದಲದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ದೊಡ್ಡದಿರುವುದಿಲ್ಲ.

### ಹಂತ 9: ಜಿಗಿತವೋ, ನಿಧಾನದ ಇಳಿಕೆಯೋ

ಸಣ್ಣ ಚೌಕದಲ್ಲಿ ಇಳಿಕೆ ನಯವಾಗಿ ಕಾಣುತ್ತದೆ. 1995ರ ಮೊದಲ ವರದಿಯೂ ಹಾಗೇ ಹೇಳಿತ್ತು. 2004ರಲ್ಲಿ ಗ್ರೆಗ್ವಾರ್ ಮತ್ತು ಶಾಟೆ ದೊಡ್ಡ ಚೌಕಗಳಲ್ಲಿ ಓಡಿಸಿ, ಇದು ಜಿಗಿತ ಎಂದು ತೋರಿಸಿದರು. ಬದಲಾವಣೆಯ ಹತ್ತಿರ ಕಣಗಳು ದಟ್ಟವಾದ ಪಟ್ಟಿಗಳಾಗಿ ಸೇರಿ, ಖಾಲಿ ಜಾಗದ ನಡುವೆ ಅಲೆಯ ಥರ ಸಾಗುತ್ತವೆ. ಇದನ್ನು ನೋಡಬೇಕಾದರೆ ವೇಗ 0.5, ಸಾಂದ್ರತೆ 2, ಬದಿ ಕನಿಷ್ಠ 128 ಬೇಕು. ಅಂದರೆ 32,768 ಕಣ. ಲ್ಯಾಪ್‌ಟಾಪಿಗೆ ರಾತ್ರಿಯಿಡೀ ಕೆಲಸ. ಇನ್ನೂ ದೊಡ್ಡದು ಸಾಧ್ಯವಾದರೆ ಒಳ್ಳೆಯದು.

ಕುಣಿಕೆ ಹುಡುಕಲು ಎಣ್ಣೆಗೆ ಮಾಡಿದ್ದನ್ನೇ ಮಾಡಿ. ಗೊಂದಲವನ್ನು ನಿಧಾನಕ್ಕೆ ಏರಿಸಿ, ಆಮೇಲೆ ಇಳಿಸಿ. ಪ್ರತಿ ಸಲ ಹಿಂದಿನ ಓಟ ಮುಗಿದ ಸ್ಥಿತಿಯಿಂದಲೇ ಮುಂದುವರಿಸಬೇಕು. ಹೊಸದಾಗಿ ಕಣ ಚೆಲ್ಲಿ ಶುರು ಮಾಡಿದರೆ ಕುಣಿಕೆ ಎಂದೂ ಕಾಣುವುದಿಲ್ಲ. ಇನ್ನೊಂದು ಕಡೆ, ಅವಸರದಲ್ಲಿ ಬದಲಿಸಿದರೆ ಎಲ್ಲ ಕಡೆಯೂ ಸುಳ್ಳು ಕುಣಿಕೆ ಕಾಣುತ್ತದೆ. ಅರ್ಧ ನಿಧಾನ ಮಾಡಿ ಇನ್ನೊಮ್ಮೆ ಓಡಿಸಿ. ಕುಣಿಕೆ ಪೂರ್ತಿ ಮಾಯವಾದರೆ ಅದು ಅವಸರದ ಫಲ.

ಒಗ್ಗಟ್ಟಿನ ಅಂಕಿಗಳ ಹಿಸ್ಟೋಗ್ರಾಮ್ ಕೂಡ ಹಾಕಿ. ಬದಲಾವಣೆಯ ಜಾಗದಲ್ಲಿ ಎರಡು ಗುಡ್ಡ ಕಂಡರೆ ಜಿಗಿತ. ಒಂದೇ ಗುಡ್ಡ ಮೆಲ್ಲಗೆ ಸರಿದರೆ ನಿಧಾನದ ಇಳಿಕೆ, ಅಥವಾ ನಿಮ್ಮ ಚೌಕ ಸಾಲದು. ಇನ್ನೂ ಗಟ್ಟಿ ಸಾಕ್ಷಿ ಬೇಕಾದವರಿಗೆ ಬೈಂಡರ್ ಅಳತೆ ಇದೆ. ಒಗ್ಗಟ್ಟಿನ 4ನೇ ಘಾತದ ಸರಾಸರಿ ತೆಗೆಯಿರಿ. ವರ್ಗದ ಸರಾಸರಿಯನ್ನು ಮತ್ತೆ ವರ್ಗ ಮಾಡಿ 3ರಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 1ರಿಂದ ಕಳೆಯಿರಿ. ಪೂರ್ತಿ ಒಗ್ಗಟ್ಟಿದ್ದರೆ ಮೂರರಲ್ಲಿ ಎರಡು ಭಾಗ, ಪೂರ್ತಿ ಗೊಂದಲವಿದ್ದರೆ ಮೂರರಲ್ಲಿ ಒಂದು ಭಾಗ ಬರುತ್ತದೆ. ನಡುವೆ ಸೊನ್ನೆಗಿಂತ ಕೆಳಗೆ ಧುಮುಕಿದರೆ ಜಿಗಿತದ ಲಕ್ಷಣ.

### ಹಂತ 10: ಎಣಿಕೆಯ ಏರಿಳಿತ

ಒಗ್ಗಟ್ಟಾದ ಹಿಂಡಿನಲ್ಲಿ ಬೇರೆ ಬೇರೆ ಗಾತ್ರದ ಸಣ್ಣ ಚೌಕ ಎಳೆದು, ಒಳಗಿನ ಕಣಗಳನ್ನು ಹಲವು ಹೊತ್ತಿನಲ್ಲಿ ಎಣಿಸಿ. ಸರಾಸರಿ ಎಣಿಕೆಗೆ ಎದುರಾಗಿ ಏರಿಳಿತವನ್ನು (ಸ್ಟ್ಯಾಂಡರ್ಡ್ ಡೀವಿಯೇಷನ್) ಲಾಗ್-ಲಾಗ್ ಗ್ರಾಫಿನಲ್ಲಿ ಹಾಕಿ. ಸಮತೋಲನದ ಸಾಮಾನ್ಯ ದ್ರವದಲ್ಲಿ ಇಳಿಜಾರು 0.5. ಹಿಂಡಿನಲ್ಲಿ 0.8ರ ಹತ್ತಿರ ಬರುತ್ತದೆ. ಸಣ್ಣ ಚೌಕಗಳು ಇಡೀ ಪೆಟ್ಟಿಗೆಯ ಕಾಲುಭಾಗ ದಾಟದಿರಲಿ. ದಾಟಿದರೆ ಒಟ್ಟು ಕಣಗಳ ಸಂಖ್ಯೆ ಸ್ಥಿರವಾಗಿರುವ ಕಾರಣಕ್ಕೇ ಏರಿಳಿತ ತಗ್ಗುತ್ತದೆ. ಇಂಥ ದೊಡ್ಡ ಏರಿಳಿತವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀರಾಮ್ ರಾಮಸ್ವಾಮಿ ಮತ್ತು ಸಂಗಡಿಗರು 2007ರಲ್ಲಿ ಅದುರುವ ತಟ್ಟೆಯ ಮೇಲಿನ ಲೋಹದ ಕಡ್ಡಿಗಳಲ್ಲೂ ಅಳೆದು ತೋರಿಸಿದರು. ಅಂದರೆ ಜೀವ ಇರಲೇಬೇಕೆಂದಿಲ್ಲ.

### ಹಂತ 11: ನಿಜವಾದ ಮೀನು

ಕಡಲಿನ ತಾರ್ಲೆ, ಬಂಗಡೆ ಹಿಂಡನ್ನು ಮೊಬೈಲಿನಲ್ಲಿ ಹಿಡಿಯುವುದು ಕಷ್ಟ. ತಿಳಿನೀರಿನ ಹೊಂಡದಲ್ಲಿ ಮೀನಿನ ಮರಿಗಳು ಸಿಕ್ಕರೆ ನೇರ ಮೇಲಿನಿಂದ ವಿಡಿಯೋ ಮಾಡಿ. ಮೊಬೈಲ್ ಅಲುಗಾಡಬಾರದು. ಟ್ರ್ಯಾಕರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಜಾಗಗಳನ್ನು ಗುರುತಿಸಿ, ಎರಡು ಫ್ರೇಮ್‌ಗಳ ನಡುವಿನ ಸರಿತದಿಂದ ದಿಕ್ಕು ತೆಗೆದು ಒಗ್ಗಟ್ಟು ಲೆಕ್ಕ ಹಾಕಿ. ಮೀನಿನ ಗೊಂದಲವನ್ನು ಬದಲಿಸಲು ನಮಗೆ ಆಗುವುದಿಲ್ಲ, ಸಾಂದ್ರತೆ ಬೇರೆ ಬೇರೆ ಇರುವ ಗುಂಪುಗಳನ್ನು ಹುಡುಕಬೇಕು. ಮರಿಗಳನ್ನು ಹಿಡಿದು ಬಕೆಟ್ಟಿಗೆ ತುಂಬುವ ಕೆಲಸ ಬೇಡ. ಉಸಿರು ಕಟ್ಟಿ ಸಾಯುತ್ತವೆ, ಗಾಬರಿಯಾದ ಮೀನಿನ ಅಂಕಿ ಉಪಯೋಗಕ್ಕೂ ಬರುವುದಿಲ್ಲ.

ಹರಿಯುವ ನೀರಿನಲ್ಲಿ ವಿಡಿಯೋ ಮಾಡಬೇಡಿ. ಶಾಲ್ಮಲೆಯಂಥ ಹೊಳೆಯ ಸೆಳವಿನಲ್ಲಿ ಮೀನುಗಳು ಪ್ರವಾಹಕ್ಕೆ ಎದುರಾಗಿ ಮುಖ ಮಾಡಿ ನಿಲ್ಲುತ್ತವೆ. ಒಗ್ಗಟ್ಟು ಬಹಳ ಹೆಚ್ಚು ಬರುತ್ತದೆ, ಆದರೆ ಅದು ಹಿಂಡು ತಾನಾಗಿ ಆರಿಸಿದ ದಿಕ್ಕಲ್ಲ, ನೀರು ಹೇರಿದ ದಿಕ್ಕು. ಎಸೆದ ಅನ್ನದ ಕಾಳು, ದಡದಲ್ಲಿ ನಿಂತವರ ನೆರಳು ಕೂಡ ಇದೇ ಕೆಲಸ ಮಾಡುತ್ತವೆ. ಹಾಗಾಗಿ ಬೇರೆ ಬೇರೆ ಹೊತ್ತಿನ ವಿಡಿಯೋಗಳಲ್ಲಿ ಹಿಂಡು ಹೊರಟ ದಿಕ್ಕನ್ನೂ ಬರೆದಿಡಿ. ದಿಕ್ಕು ಸಲಕ್ಕೊಂದು ಥರ ಇದ್ದರೆ ಅಳತೆ ನಂಬಬಹುದು. ಪ್ರತಿ ಸಲವೂ ಒಂದೇ ಕಡೆಗೆ ಇದ್ದರೆ ಹೊರಗಿನ ಕಾರಣ ಹುಡುಕಿ. ಸಿಮ್ಯುಲೇಷನ್‌ನಲ್ಲೂ ಬೇರೆ ಬೇರೆ ರ‍್ಯಾಂಡಮ್ ಬೀಜದಿಂದ (ಸೀಡ್, ಅಂದರೆ ಸಂಖ್ಯೆಗಳ ಸಾಲು ಶುರುವಾಗುವ ಅಂಕಿ) ಇದೇ ಪರೀಕ್ಷೆ ಮಾಡಿ. ಅಲ್ಲಿ ಹಿಂಡು ಯಾವಾಗಲೂ ಒಂದೇ ಕಡೆಗೆ ಹೊರಟರೆ ತಪ್ಪು ಹೆಚ್ಚಾಗಿ ಗೊಂದಲದ ಸಾಲಿನಲ್ಲಿರುತ್ತದೆ: ಎಡಬಲಕ್ಕೆ ಸಮನಾಗಿ ಹಂಚಿದೆಯೇ, ಮೊದಲ ದಿಕ್ಕುಗಳನ್ನು ಪೂರ್ತಿ 2 ಪೈಯಲ್ಲಿ ಚೆಲ್ಲಿದ್ದೀರೇ, ನೋಡಿ.